ಒಂದೇ ಮನೆಯ ಎರಡು ಮೋಟಾರುಗಳು

ಮೈಸೂರಿನ ಗೃಹಸ್ಥರೊಬ್ಬರು ನಮಗೊಂದು ಕಾಗದ ಬರೆದು, ತಮ್ಮ ಮನೆಯಲ್ಲಿ ಎದ್ದಿರುವ ವಾದವೊಂದನ್ನು ತೀರಿಸಿಕೊಡಬೇಕೆಂದು ಕೇಳಿರುತ್ತಾರೆ. ಮಗನಿಗೆ ಪೆಟ್ರೋಲಿನಿಂದೋಡುವ, ವೇಗಕ್ಕೆ ಹೆಸರಾದ ಸ್ಪೋರ್ಟ್ಸ್ ಸೆಡಾನ್ ಕಾರು ಬೇಕು. ಮಗಳು ವಿದ್ಯುತ್ತಿನ ಕಾರಲ್ಲದೆ ಬೇರೆ ಬೇಡವೆನ್ನುತ್ತಾಳೆ. ಹಣ ಕೊಡಬೇಕಾದವರು ಇಬ್ಬರ ನಡುವೆ ಕುಳಿತಿದ್ದಾರೆ. ಮನೆಯಲ್ಲಿ ಎಂಬತ್ತು ದಾಟಿದ ಅವರ ತಾಯಿಯವರೂ ಇರುವರು. ಆದರೆ ಈ ವಿಚಾರದಲ್ಲಿ ಅವರ ಅಭಿಪ್ರಾಯವನ್ನು ಯಾರಾದರೂ ಕೇಳಿದಂತೆ ಕಾಗದದಿಂದ ತೋರುವುದಿಲ್ಲ. ಆ ಸಂಗತಿಗೆ ಮುಂದೆ ಬರುವೆವು.

ಇಂತಹದೇ ಕಾರೆಂದು ಅವರು ಹೆಸರಿಸಿಲ್ಲವಾದುದರಿಂದ ಹೋಲಿಕೆಗೆ ತಕ್ಕ ಜೋಡಿಯನ್ನು ನಾವೇ ಆರಿಸಿಕೊಂಡಿದ್ದೇವೆ. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪೆನಿಯವರು ೨೦೨೧ರ ಮಾರ್ಚಿಯಲ್ಲಿ ಎಂ೩೪೦ಐ ಎಂಬ ಪೆಟ್ರೋಲ್ ಸೆಡಾನನ್ನು ನಮ್ಮ ದೇಶದ ಪೇಟೆಗೆ ತಂದರು. ಬೆಲೆ ೬೨ ಲಕ್ಷ ೯೦ ಸಾವಿರ. ೨೦೨೨ರ ಮೇ ತಿಂಗಳಲ್ಲಿ ಅದೇ ಕಂಪೆನಿಯ ಐ೪ ಎಂಬ ವಿದ್ಯುತ್ ಕಾರು ಬಂದಿತು. ಬೆಲೆ ೬೯ ಲಕ್ಷ ೯೦ ಸಾವಿರ. ಮೊದಲನೆಯದನ್ನು ಚೆನ್ನೈ ಬಳಿಯ ಕಾರ್ಖಾನೆಯಲ್ಲಿ ಜೋಡಿಸಿದರು, ಎರಡನೆಯದು ಸಿದ್ಧವಾಗಿಯೇ ಹಡಗಿನಲ್ಲಿ ಬಂದಿತು. ಉದ್ದ, ಅಗಲ, ತಳದ ವಿನ್ಯಾಸ ಇವುಗಳಲ್ಲಿ ಎರಡೂ ಹತ್ತಿರದ ನೆಂಟರು. ಐ೪ರ ಹಿಂಬಾಗಿಲು ಗಾಜಿನೊಡನೆ ಮೇಲಕ್ಕೇಳುವುದೆಂದು ಕಂಪೆನಿಯವರು ಅದಕ್ಕೆ ಬೇರೆ ಹೆಸರು ಕೊಟ್ಟಿದ್ದಾರೆ. ನಾಲ್ಕು ಬಾಗಿಲು, ಐದು ಆಸನಗಳಿರುವುದರಿಂದ ನಾವು ಸೆಡಾನೆಂದೇ ಎಣಿಸುವೆವು.

ಇಷ್ಟು ಹಣ ನಮ್ಮ ವಾಚಕರಲ್ಲಿ ಬಹುಮಂದಿಗೆ ಮನೆ ಕಟ್ಟಿಸುವ ಮೊತ್ತವೇ ಹೊರತು ಮೋಟಾರು ಕೊಳ್ಳುವ ಮೊತ್ತವಲ್ಲ. ಆದರೂ ತಯಾರಕರೊಬ್ಬರೇ, ಅಳತೆಯೂ ಬೆಲೆಯೂ ಹತ್ತಿರ ಹತ್ತಿರ, ಶಕ್ತಿಯ ಮೂಲ ಮಾತ್ರ ಬೇರೆ ಎಂಬಂತಹ ಜೋಡಿ ಅಪರೂಪ. ಹದಿನೈದು ಲಕ್ಷದ ಕಾರು ಕೊಳ್ಳುವವರಿಗೂ ಪ್ರಶ್ನೆ ಇದೇ ಆಗಿರುವುದರಿಂದ ಈ ಜೋಡಿಯ ವಿಚಾರ ಅವರಿಗೂ ಉಪಯೋಗಕ್ಕೆ ಬಂದೀತು.

ಮೊದಲು ವೇಗದ ಮಾತು. ಮಗನು ಅದನ್ನೇ ಮುಂದಿಟ್ಟಿರುವನೆಂದು ತೋರುತ್ತದೆ. ನಿಂತಲ್ಲಿಂದ ಗಂಟೆಗೆ ೧೦೦ ಕಿಲೋಮೀಟರ್ ವೇಗಕ್ಕೇರಲು ಎಂ೩೪೦ಐಗೆ ೪.೪ ಸೆಕೆಂಡು, ಐ೪ಗೆ ೫.೭ ಸೆಕೆಂಡು. ಪರಮ ವೇಗ ಮೊದಲನೆಯದಕ್ಕೆ ೨೫೦, ಎರಡನೆಯದಕ್ಕೆ ೧೯೦. ಕಾಗದದ ಮೇಲೆ ಪೆಟ್ರೋಲಿಗೇ ಜಯ. ಈ ಎರಡು ವೇಗಗಳಲ್ಲಿ ಯಾವುದನ್ನೂ ನಮ್ಮ ರಸ್ತೆಗಳಲ್ಲಿ ಕಾನೂನು ಒಪ್ಪದು, ವಿವೇಕವೂ ಒಪ್ಪದು. ಪೇಟೆಯ ಬೀದಿಯಲ್ಲಿ ನಿತ್ಯವೂ ಬೇಕಾಗುವುದು ಬೇರೊಂದು ಗುಣ: ನಿಂತ ಕಾರು ಹಿಂದುಮುಂದು ನೋಡದೆ ಹೊರಡುವುದು. ಪೆಟ್ರೋಲ್ ಎಂಜಿನ್ನಿನ ಬಲ ಅದರ ಸುತ್ತುಗಳು ಏರಿದಂತೆ ಏರುವುದು. ಗಿಯರು ಇಳಿಯಬೇಕು, ಗಾಳಿಯೊತ್ತುವ ಟರ್ಬೊ ಎಚ್ಚರಗೊಳ್ಳಬೇಕು, ಆಮೇಲೆ ಬಲ ಚಕ್ರಕ್ಕೆ ಬರಬೇಕು. ಎಂ೩೪೦ಐನ ಎಂಟು ಗಿಯರುಗಳ ಪೆಟ್ಟಿಗೆ ಇದೆಲ್ಲವನ್ನೂ ಅತ್ಯಲ್ಪ ಕಾಲದಲ್ಲಿ ಮಾಡಿ ಮುಗಿಸುವುದಾದರೂ ಮಾಡಲೇಬೇಕಷ್ಟೆ. ವಿದ್ಯುತ್ ಮೋಟಾರಿಗೆ ಈ ಪೀಠಿಕೆಯೇ ಇಲ್ಲ. ಅದರ ತಿರುಚುಬಲವೆಲ್ಲವೂ ಮೊದಲನೆಯ ಸುತ್ತಿನಲ್ಲಿಯೇ ಸಿದ್ಧವಾಗಿರುವುದು; ಬದಲಾಯಿಸಬೇಕಾದ ಗಿಯರೂ ಇಲ್ಲ. ಆದುದರಿಂದ ೫.೭ ಸೆಕೆಂಡಿನ ಕಾರು ಊರೊಳಗೆ ೪.೪ ಸೆಕೆಂಡಿನ ಕಾರಿಗಿಂತ ಚುರುಕಾಗಿ ತೋರಿದರೆ ಆಶ್ಚರ್ಯವಿಲ್ಲ. ೨೦೦೧ರಲ್ಲಿ ಬೆಂಗಳೂರಿನಿಂದ ಹೊರಬಂದ ಪುಟ್ಟ ರೇವಾ ಕಾರನ್ನು ನೆನೆದು ವಿದ್ಯುತ್ ಕಾರೆಂದರೆ ಸಾವಧಾನದ ಬಂಡಿಯೆಂದು ಈಗಲೂ ಭಾವಿಸಿರುವ ಹಿರಿಯರು ಇದನ್ನು ಗಮನಿಸಬೇಕು.

ಹಾಗಾದರೆ ಸ್ಪೋರ್ಟ್ಸ್ ಸೆಡಾನಿನ ಹೆಚ್ಚುಗಾರಿಕೆ ಏನು? ಇದ್ದೇ ಇದೆ, ಅದನ್ನು ಮರೆಮಾಡುವುದು ನ್ಯಾಯವಲ್ಲ. ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ ಎಂಜಿನ್ನಿನಲ್ಲಿ ಒಂದರ ಅದುರನ್ನು ಇನ್ನೊಂದು ಸರಿದೂಗಿಸುವುದು. ಆ ಸಮತೋಲನವೂ ಅದರ ಸ್ವರವೂ ಎಷ್ಟೋ ಮಂದಿಗೆ ಸಂಗೀತವೇ ಸರಿ. ವೇಗವು ಏರಿದಂತೆ ಧ್ವನಿ ಏರುವುದು, ಚಾಲಕನ ಕೈಕಾಲಿಗೆ ಯಂತ್ರವು ಉತ್ತರ ಕೊಡುವಂತಿರುವುದು. ಐ೪ರಲ್ಲಿ ಈ ಕೊರತೆಯನ್ನು ತುಂಬಲು ಚಲನಚಿತ್ರ ಸಂಗೀತಕ್ಕೆ ಹೆಸರಾದ ಹಾನ್ಸ್ ಜಿಮ್ಮರ್ ಅವರ ಸಹಕಾರದಿಂದ ಕೃತಕ ಧ್ವನಿಗಳನ್ನು ರಚಿಸಿಟ್ಟಿದ್ದಾರೆ. ಹುಣಿಸೆಹಣ್ಣಿಲ್ಲದ ಸಾರಿಗೆ ಬಣ್ಣ ಹಾಕಿದಂತೆ ಎಂದು ಕೆಲವರು ನಗುವರು. ಗುಂಡಿಯೊತ್ತಿ ನಿಲ್ಲಿಸಿಬಿಡಬಹುದಾದುದರಿಂದ ನಮಗೆ ಅದರ ಮೇಲೆ ಕೋಪವಿಲ್ಲ. ಧ್ವನಿಗಿಂತ ಮುಖ್ಯವಾದುದು ತೂಕ. ಐ೪ ತನ್ನ ನೆಂಟನಿಗಿಂತ ೩೫೦ ಕಿಲೋಗ್ರಾಮಿಗೂ ಹೆಚ್ಚು ಭಾರ. ಎಂದರೆ ಐದು ಮಂದಿ ದೊಡ್ಡವರು ಯಾವಾಗಲೂ ಒಳಗೆ ಕುಳಿತಿರುವಂತೆ. ಬ್ಯಾಟರಿಯು ನೆಲದಲ್ಲಿಯೇ ಹಾಸಿರುವುದರಿಂದ ತಿರುವುಗಳಲ್ಲಿ ಕಾರು ವಾಲದು, ನಿಜ. ಆದರೆ ಒಂದಾದ ಮೇಲೊಂದು ತಿರುವು ಬಂದಾಗ ಭಾರವು ತನ್ನ ಇರವನ್ನು ತಿಳಿಸದೆ ಬಿಡದು, ಟೈರುಗಳೂ ಬೇಗ ಸವೆಯುವುವು. ಹಗುರವಾದ ಪೆಟ್ರೋಲ್ ಕಾರನ್ನು ಓಡಿಸುವ ಸುಖ ಒಂದು ತೂಕ ಹೆಚ್ಚೇ. ಆ ಸುಖವು ಸ್ಟಿಯರಿಂಗ್ ಹಿಡಿದ ಒಬ್ಬರ ಪಾಲಿನದು ಎಂಬುದನ್ನಷ್ಟೇ ಇಲ್ಲಿ ಸೇರಿಸುವೆವು.

ಈ ಭಾರವೆಲ್ಲ ಎಲ್ಲಿಂದ ಬಂದಿತೆಂಬುದು ವಿಚಾರ ಮಾಡತಕ್ಕ ಸಂಗತಿ. ಐ೪ರ ಬ್ಯಾಟರಿಯ ತೂಕ ಸುಮಾರು ೫೫೦ ಕಿಲೋಗ್ರಾಂ. ಅದರಲ್ಲಿ ಬಳಸಲು ಸಿಕ್ಕುವ ವಿದ್ಯುತ್ತು ೮೦.೭ ಯೂನಿಟ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ೯ ಯೂನಿಟ್ ಶಕ್ತಿ ಅಡಗಿರುವುದು. ಎಂದರೆ ಇಷ್ಟು ದೊಡ್ಡ ಬ್ಯಾಟರಿಯು ಒಟ್ಟಾರೆ ಹೊತ್ತಿರುವುದು ಒಂಬತ್ತು ಲೀಟರ್ ಪೆಟ್ರೋಲಿನ ಶಕ್ತಿಯನ್ನು. ಅಡಿಗೆಮನೆಯ ಒಂದು ಬಿಂದಿಗೆಯಲ್ಲಿ ಹಿಡಿಯುವಷ್ಟು! ಹೀಗಿದ್ದೂ ಅದು ನಾಲ್ಕುನೂರು ಕಿಲೋಮೀಟರ್ ಓಡುವುದು ಹೇಗೆಂದರೆ, ಪೆಟ್ರೋಲ್ ಎಂಜಿನ್ನು ತನಗೆ ಕೊಟ್ಟ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲನ್ನು, ಊರೊಳಗಿನ ಓಡಾಟದಲ್ಲಿ ಅದಕ್ಕೂ ಹೆಚ್ಚನ್ನು, ಬಿಸಿಯಾಗಿ ಗಾಳಿಗೆ ಬಿಡುತ್ತದೆ. ರೇಡಿಯೇಟರಿನ ಮುಂದೆ ಕೈಹಿಡಿದವರಿಗೆ ಇದು ತಿಳಿದೇ ಇರುವುದು. ವಿದ್ಯುತ್ ಮೋಟಾರು ಬಹುಪಾಲನ್ನು ಚಕ್ರಕ್ಕೇ ಮುಟ್ಟಿಸುವುದು. ಅದಲ್ಲದೆ ಚಾಲಕನು ಕಾಲು ತೆಗೆದೊಡನೆ ಮೋಟಾರೇ ಡೈನಮೋ ಆಗಿ ತಿರುಗಿ, ಪೆಟ್ರೋಲ್ ಕಾರು ಬ್ರೇಕಿನಲ್ಲಿ ಸುಟ್ಟುಕೊಳ್ಳುವ ಶಕ್ತಿಯಲ್ಲಿ ಒಂದು ಭಾಗವನ್ನು ಬ್ಯಾಟರಿಗೆ ಹಿಂದಿರುಗಿಸುವುದು. ಮಡಿಕೇರಿಯಿಂದ ಸಂಪಾಜೆಗೆ ಘಟ್ಟವಿಳಿಯುವಾಗ ಐ೪ ಕೆಲವು ಯೂನಿಟ್ ಸಂಪಾದಿಸಿಕೊಳ್ಳುವುದು. ಆದರೆ ಮಡಿಕೇರಿಯಲ್ಲಿಯೇ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಹೊರಟವರಿಗೆ ಈ ಲಾಭವಿಲ್ಲ. ತುಂಬಿದ ಕೊಡಕ್ಕೆ ನೀರು ಹೊಯ್ಯಲಾದೀತೆ?

ಇನ್ನು ಮನೆಯ ಲೆಕ್ಕ. ತಿಂಗಳಿಗೆ ೧,೦೦೦ ಕಿಲೋಮೀಟರ್ ಓಡಾಟವೆಂದೂ, ಪೆಟ್ರೋಲ್ ಲೀಟರಿಗೆ ೧೦೦ ರೂಪಾಯಿಯೆಂದೂ, ಸ್ಪೋರ್ಟ್ಸ್ ಸೆಡಾನ್ ಲೀಟರಿಗೆ ೧೦ ಕಿಲೋಮೀಟರ್ ಕೊಡುವುದೆಂದೂ ಇಟ್ಟುಕೊಳ್ಳೋಣ. ತಿಂಗಳಿಗೆ ೧೦,೦೦೦ ರೂಪಾಯಿ. ವಿದ್ಯುತ್ ಕಾರು ಯೂನಿಟ್ಟಿಗೆ ೫ ಕಿಲೋಮೀಟರ್ ಓಡಿದರೆ ೨೦೦ ಯೂನಿಟ್. ತುಂಬುವಾಗಿನ ಸೋರಿಕೆ ಸೇರಿ ೨೨೦. ಮನೆಯ ಮೀಟರಿನಲ್ಲಿ ಯೂನಿಟ್ಟಿಗೆ ೭ ರೂಪಾಯಿಯಾದರೆ ೧,೫೪೦ ರೂಪಾಯಿ. ರಸ್ತೆಬದಿಯ ವೇಗದ ಚಾರ್ಜರಿನಲ್ಲಿಯೇ ಎಲ್ಲವನ್ನೂ ತುಂಬಿಸಿಕೊಂಡು, ಯೂನಿಟ್ಟಿಗೆ ೨೦ ರೂಪಾಯಿ ಕೊಟ್ಟರೆ ೪,೪೦೦. ಉಳಿತಾಯ ಹೆಚ್ಚೆಂದರೆ ವರ್ಷಕ್ಕೆ ಒಂದು ಲಕ್ಷದಷ್ಟು. ಎಪ್ಪತ್ತು ಲಕ್ಷ ಕೊಡುವವರು ಒಂದು ಲಕ್ಷದ ಮುಖ ನೋಡಿ ಮನಸ್ಸು ಬದಲಾಯಿಸುವರೆಂದು ನಮಗೆ ತೋರದು. ಹದಿನೈದು ಲಕ್ಷದ ಕಾರು ಕೊಳ್ಳುವ ಮನೆಯಲ್ಲಾದರೋ ಇದೇ ಬಗೆಯ ಉಳಿತಾಯ ಮಕ್ಕಳ ಶಾಲೆಯ ಶುಲ್ಕವಾದೀತು. ತೆರಿಗೆಯ ವಿಷಯ ಹೆಚ್ಚು ಬೆಳಸುವುದಿಲ್ಲ. ೨೦೨೪ರಲ್ಲಿ ಕರ್ನಾಟಕ ಸರ್ಕಾರದವರು ೨೫ ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೂ ನೂರಕ್ಕೆ ಹತ್ತರಂತೆ ಆಜೀವ ತೆರಿಗೆ ಹಾಕಿದರು. ಕೊಳ್ಳುವವರು ಆ ದಿನದ ದರವನ್ನು ವಿಚಾರಿಸಿಕೊಳ್ಳತಕ್ಕದ್ದು.

ಲೆಕ್ಕಕ್ಕಿಂತ ಮುಖ್ಯವಾದ ಪ್ರಶ್ನೆ, ಕಾರು ರಾತ್ರಿ ಎಲ್ಲಿ ಮಲಗುವುದು ಎಂಬುದು. ಸ್ವಂತ ಕಾಂಪೌಂಡು, ತಲೆಯ ಮೇಲೊಂದು ಸೂರು, ಪಕ್ಕದಲ್ಲಿ ಒಳ್ಳೆಯ ಅರ್ತಿಂಗ್ ಉಳ್ಳ ವಿದ್ಯುತ್ ಬಿಂದು ಇರುವ ಮನೆಯವರಿಗೆ ಐ೪ರಂತಹ ಕಾರು ಸಾಕಿದ ಹಸುವಿನಷ್ಟು ಸಾಧು. ಹದಿನೈದು ಆಂಪಿಯರಿನ ಸಾಮಾನ್ಯ ಸಾಕೆಟ್ಟಿನಿಂದ ಪೂರ್ತಿ ಬ್ಯಾಟರಿ ತುಂಬಲು ಒಂದು ದಿನಕ್ಕೂ ಹೆಚ್ಚು ಹಿಡಿಯುವುದೆಂದು ಕೇಳಿ ಹೆದರುವವರುಂಟು. ದಿನಕ್ಕೆ ನಲ್ವತ್ತು ಕಿಲೋಮೀಟರ್ ಓಡಾಡುವವರಿಗೆ ಬೇಕಾದುದು ೮ ಯೂನಿಟ್, ಮೂರು ಗಂಟೆಯ ಕೆಲಸ. ಊಟ ಮುಗಿಸಿ ಸಿಕ್ಕಿಸಿದರೆ ನಡುರಾತ್ರಿಗೆ ಮುಂಚೆ ಆಯಿತು. ತ್ರೀ ಫೇಸ್ ಸಂಪರ್ಕವನ್ನೂ ೧೧ ಕಿಲೋವ್ಯಾಟಿನ ಪೆಟ್ಟಿಗೆಯನ್ನೂ ಹಾಕಿಸಿಕೊಂಡರೆ ಖಾಲಿ ಬ್ಯಾಟರಿಯೂ ಸುಮಾರು ಎಂಟೂವರೆ ಗಂಟೆಯಲ್ಲಿ ತುಂಬುವುದು. ಆದರೆ ಬೀದಿಯಲ್ಲಿ ಕಾರು ನಿಲ್ಲಿಸುವ ಮನೆಯವರಿಗೂ, ಚಾರ್ಜರಿಗೆ ಒಪ್ಪಿಗೆ ಸಿಕ್ಕದ ವಠಾರದವರಿಗೂ ಇದೇ ಕಾರು ವಾರಕ್ಕೆರಡು ಬಾರಿ ಚಾರ್ಜರ್ ಹುಡುಕಿಕೊಂಡು ಹೋಗುವ ಉಪದ್ರವವಾಗುವುದು. ಅಂತಹವರು ಪೆಟ್ರೋಲಿನದನ್ನೇ ಕೊಂಡರೆ ನಾವು ಹಳೆಯ ಕಾಲದವರೆನ್ನಲಾರೆವು. ಮೂರು ನಿಮಿಷದಲ್ಲಿ ತುಂಬುವ ಪೆಟ್ರೋಲ್ ತೊಟ್ಟಿಯ ಅನುಕೂಲವನ್ನು ಹಗುರವಾಗಿ ಕಾಣಕೂಡದು.

ದೂರದ ಪ್ರಯಾಣದಲ್ಲಿ ಐ೪ ಒಮ್ಮೆ ತುಂಬಿಸಿದರೆ ೫೯೦ ಕಿಲೋಮೀಟರ್ ಹೋಗುವುದೆಂದು ಯುರೋಪಿನ ಪರೀಕ್ಷೆಯ ಲೆಕ್ಕ. ನಮ್ಮ ರಸ್ತೆ, ನಮ್ಮ ಸೆಕೆ, ಒಳಗಿನ ತಂಪುಯಂತ್ರ ಎಲ್ಲವನ್ನೂ ಸೇರಿಸಿ ೪೦೦ ಎಂದು ಎಣಿಸಿಕೊಂಡರೆ ಕ್ಷೇಮ. ಮೈಸೂರಿನಿಂದ ಬೆಂಗಳೂರಿಗೆ ಹೋಗಿಬರಲು ೨೯೦ ಕಿಲೋಮೀಟರ್, ಚಿಂತೆಯಿಲ್ಲ. ೨೦೨೩ರಲ್ಲಿ ತೆರೆದ ಹೊಸ ಹೆದ್ದಾರಿಯಲ್ಲಿ ಮಾತ್ರ ವೇಗದ ಮೋಹ ಬೇಡ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುವುದರಿಂದ ೮೦ರಲ್ಲಿ ಹೋಗುವ ಬದಲು ೧೦೦ರಲ್ಲಿ ಹೋದರೆ ಆ ತಡೆ ಒಂದೂವರೆ ಪಟ್ಟಾಗುವುದು. ಪೆಟ್ರೋಲ್ ಕಾರಿಗೂ ಇದೇ ನಿಯಮ. ಅಲ್ಲಿ ಮುಂದಿನ ಬಂಕು ಹತ್ತಿರವಿರುವುದರಿಂದ ಯಾರೂ ಎಣಿಸುವುದಿಲ್ಲ.

ವಿದ್ಯುತ್ತಿನ ಕಾರು ಹೊಗೆಯುಗುಳದೆಂದು ಮಗಳು ವಾದಿಸುತ್ತಾಳಂತೆ. ಬೀದಿಯ ಮಟ್ಟಿಗೆ ಆ ಮಾತು ಸತ್ಯ. ನಮ್ಮ ದೇಶದ ವಿದ್ಯುತ್ತಿನಲ್ಲಿ ಬಹುಭಾಗ ಕಲ್ಲಿದ್ದಲಿನಿಂದ ಬರುವುದು ಎಂಬುದೂ ಅಷ್ಟೇ ಸತ್ಯ. ಶರಾವತಿಯ ನೀರು, ಪಾವಗಡದ ಬಿಸಿಲು ನಮ್ಮ ನಾಡಿಗೆ ಒದಗಿರುವ ಭಾಗ್ಯ. ಆದರೆ ಪಾವಗಡದ ಬಿಸಿಲು ಇರುವುದು ಹಗಲು, ಕಾರಿಗೆ ವಿದ್ಯುತ್ ತುಂಬುವುದು ರಾತ್ರಿ. ಆಕೆಯ ಪಕ್ಷವೇ ಹೆಚ್ಚು ಬಲವಾದುದೆಂದು ನಾವೂ ಒಪ್ಪುವೆವು, ಆಕೆ ತಿಳಿದಷ್ಟು ನಿರ್ಮಲವಲ್ಲವಷ್ಟೆ.

ಇನ್ನು ಹಿಂದಿನ ಆಸನದ ವಿಚಾರ. ಎಂಬತ್ತು ದಾಟಿದ ಆ ತಾಯಿಯವರು ಈ ಕಾರಿನಲ್ಲಿ ಆಸ್ಪತ್ರೆಗೆ, ದೇವಸ್ಥಾನಕ್ಕೆ, ಮೊಮ್ಮಕ್ಕಳ ಮನೆಗೆ ಹೋಗಬೇಕಾದವರು. ಎರಡೂ ಕಾರುಗಳು ನೆಲಕ್ಕೆ ಹತ್ತಿರವಾದವು. ಮಂಡಿನೋವುಳ್ಳವರು ಅವುಗಳೊಳಗೆ ಕೂರುವುದಲ್ಲ, ಇಳಿಯಬೇಕಾಗುವುದು. ಐ೪ರಲ್ಲಿ ಪಾದದ ಕೆಳಗೆ ಬ್ಯಾಟರಿ ಇರುವುದರಿಂದ ನೆಲ ಎತ್ತರವಾಗಿ, ಹಿಂದೆ ಕುಳಿತವರ ಮೊಣಕಾಲು ಮೇಲಕ್ಕೇರುವುದು. ನಿಶ್ಶಬ್ದವಾಗಿರುವುದರಿಂದ ವೃದ್ಧರಿಗೆ ಹಿತವೆಂಬುದು ನಿಜವೇ. ಆದರೆ ಚಾಲಕನು ಕಾಲು ತೆಗೆದಾಗಲೆಲ್ಲ ಕಾರು ತಟ್ಟನೆ ತಡೆದುಕೊಂಡರೆ ಹಿಂದಿನವರ ತಲೆ ತೂಗಿ, ಹೊಟ್ಟೆ ತೊಳಸುವುದು. ಎಂಜಿನ್ನಿನ ಸದ್ದಿನಿಂದ ವೇಗದ ಏರಿಳಿತ ಮೊದಲೇ ತಿಳಿಯುತ್ತಿದ್ದುದು ಇಲ್ಲಿ ತಿಳಿಯದು. ಈ ತಡೆಯನ್ನು ಕಡಿಮೆ ಮಾಡುವ ಏರ್ಪಾಡು ಐ೪ರಲ್ಲಿ ಉಂಟು. ಮಗನಾಗಲಿ ಮಗಳಾಗಲಿ ಅಜ್ಜಿಯನ್ನು ಕೂರಿಸಿಕೊಂಡಾಗ ಅದನ್ನು ಮರೆಯದೆ ತಗ್ಗಿಸಬೇಕು. ಸ್ಪೋರ್ಟ್ಸ್ ಸೆಡಾನಿನ ದೋಷ ಬೇರೆ ಬಗೆಯದು. ಅದರ ಬಿಗಿಯಾದ ಸ್ಪ್ರಿಂಗುಗಳು ರಸ್ತೆಯ ಪ್ರತಿಯೊಂದು ಗುಂಡಿಯ ಸುದ್ದಿಯನ್ನೂ ಬೆನ್ನುಮೂಳೆಗೆ ಒಪ್ಪಿಸುವುವು. ಆ ಕಾರನ್ನು ಮಗನು ಯಾವ ರೀತಿಯಲ್ಲಿ ಓಡಿಸಲೆಳಸುವನೆಂಬುದನ್ನು ನಾವು ಹೇಳಬೇಕಾದುದಿಲ್ಲ.

ಆದುದರಿಂದ ನಮ್ಮ ಪತ್ರಲೇಖಕರಿಗೆ ನಾವು ಕೊಡುವ ಉತ್ತರ ಇದು. ಕಾಗದದ ಒಕ್ಕಣೆಯಿಂದ ತಮ್ಮದು ಸ್ವಂತ ಮನೆಯೆಂದೂ, ಬೆಂಗಳೂರಿಗಿಂತ ದೂರದ ಪ್ರಯಾಣ ಅಪರೂಪವೆಂದೂ ತಿಳಿಯುತ್ತದೆ. ಹಾಗಿದ್ದರೆ ವಿದ್ಯುತ್ತಿನದೇ ತಮಗೆ ತಕ್ಕುದು. ಮುಂಗಡ ಕೊಡುವ ಮೊದಲು ಎರಡು ಕೆಲಸ ಮಾಡಿಸಿರಿ. ನಂಬಿಕೆಯ ವೈರ್‌ಮನ್‌ನನ್ನು ಕರೆಸಿ ಮನೆಯ ಲೋಡು, ಅರ್ತಿಂಗ್ ಎರಡನ್ನೂ ನೋಡಿಸಿರಿ. ಹೆಚ್ಚಿಸಬೇಕಾದರೆ ವಿದ್ಯುತ್ ಕಂಪೆನಿಗೆ ಅರ್ಜಿ ಹಾಕಿ, ಮಂಜೂರಾದ ಮೇಲೆ ಕಾರಿನ ಮಾತಾಡಿರಿ. ಎರಡನೆಯದಾಗಿ, ಅಂಗಡಿಯವರು ಪರೀಕ್ಷೆಗೆ ಕಾರು ತಂದಾಗ ಸ್ಟಿಯರಿಂಗ್ ಮುಂದೆ ಕೂರಲು ಮಕ್ಕಳು ನೂಕಾಡುವರು, ಕೂರಲಿ. ತಾವು ಮಾತ್ರ ತಾಯಿಯವರೊಡನೆ ಹಿಂದೆ ಕುಳಿತು ಚಾಮುಂಡಿಬೆಟ್ಟವನ್ನು ಹತ್ತಿ ಇಳಿದು ಬನ್ನಿರಿ, ಇಳಿದ ಮೇಲೆ ಹೇಗಿತ್ತೆಂದು ಅವರನ್ನು ಕೇಳಿರಿ. ಅವರು ಬೇಡವೆಂದರೆ, ಆಸನ ಎತ್ತರವಾಗಿರುವ ಬೇರೊಂದು ವಿದ್ಯುತ್ ಕಾರನ್ನು ತರಿಸಿ ಅದೇ ಬೆಟ್ಟವನ್ನು ಮತ್ತೊಮ್ಮೆ ಹತ್ತಿ ನೋಡಬಹುದು.