ಹೊಸದು ಬೇಕು, ಆದರೆ ಓದಿ ಒತ್ತಬೇಕು

 

ಹೋದ ತಿಂಗಳಿಂದ ನಮ್ಮ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ‘ಯಾರೂ ಅಪ್‌ಗ್ರೇಡ್ ಮಾಡಬಾರದು’ ಎಂದು ಚೀಟಿ ಅಂಟಿಸಿದ್ದಾರೆ. ಅದಕ್ಕೆ ಕಾರಣ ನಾನೇ. ಮೇಷ್ಟ್ರು ಪಾಸ್‌ವರ್ಡ್ ಹೊಡೆದು ಆಫೀಸಿಗೆ ಹೋಗಿದ್ದರು. ಪರದೆ ಮೇಲೆ ಉದ್ದ ಪಟ್ಟಿ ಬಂತು. ಮುಂದುವರಿಸಲೇ ಅಂತ ಕೇಳಿತು. ನಾನು ಓದದೆ ‘ವೈ’ ಒತ್ತಿಬಿಟ್ಟೆ. ಹೊಸದೇನೋ ಬಂತು, ಆದರೆ ನಾವು ಕನ್ನಡ ಟೈಪ್ ಮಾಡುವ ಲಿಬ್ರೆಆಫೀಸೇ ಹೊರಟುಹೋಯಿತು! ನಾವು ಬರೆದ ಫೈಲುಗಳು ಉಳಿದಿದ್ದವು, ಆದರೆ ಒಂದು ವಾರ ತೆರೆಯೋಕೆ ಆಗಲಿಲ್ಲ.

ತಪ್ಪು ನನ್ನದೇ. ಆದರೂ ಆ ಚೀಟಿ ತೆಗೆಯಬೇಕು ಅಂತ ನನ್ನ ಅಭಿಪ್ರಾಯ.

ನಮ್ಮೂರ ಬಾವಿ ನೋಡಿ. ಹಗ್ಗ ಒಂದೇ, ಕೊಡ ಹತ್ತು ಮನೆಯದು. ಯಾರಾದರೂ ದಪ್ಪ ಹಗ್ಗ ತಂದರೆ ಹಳೇ ರಾಟೆಗೆ ಅದು ಕೂರಲ್ಲ, ರಾಟೆಯೂ ಹೊಸದು ಬೇಕು. ಲಿನಕ್ಸ್‌ನಲ್ಲೂ ಹಾಗೇ. ತಂತ್ರಾಂಶಗಳು ಪ್ಯಾಕೇಜುಗಳಾಗಿ ಬರುತ್ತವೆ. ಒಂದೇ ಪ್ಯಾಕೇಜನ್ನು ಹಲವು ತಂತ್ರಾಂಶಗಳು ಹಂಚಿಕೊಳ್ಳುತ್ತವೆ. ಯಾವುದಕ್ಕೆ ಯಾವುದು ಬೇಕು, ಎಷ್ಟನೇ ಆವೃತ್ತಿ ಬೇಕು ಅನ್ನೋದನ್ನು ಪ್ಯಾಕೇಜಿನಲ್ಲೇ ಬರೆದಿರುತ್ತಾರೆ. ಇದಕ್ಕೆ ಅವಲಂಬನೆ ಎನ್ನುತ್ತಾರೆ. ‘ಆಪ್ಟ್’ ಅದರ ಲೆಕ್ಕ ಹಾಕುತ್ತದೆ. ಎರಡು ಹೊಂದದಿದ್ದರೆ ಒಂದನ್ನು ತೆಗೆಯಲೇ ಅಂತ ಕೇಳುತ್ತದೆ. ಅಂದರೆ ಅದು ಮೋಸ ಮಾಡಲಿಲ್ಲ, ಕೇಳಿಯೇ ತೆಗೆಯಿತು.

ಇಂಥ ತಪ್ಪು ದೊಡ್ಡವರೂ ಮಾಡಿದ್ದಾರೆ. 2021ರಲ್ಲಿ ಕೆನಡಾದ ಲೈನಸ್ ಸೆಬಾಸ್ಟಿಯನ್ ಎಂಬ ಪ್ರಸಿದ್ಧ ವೀಡಿಯೊಗಾರರು ಆಟದ ತಂತ್ರಾಂಶ ಒಂದನ್ನು ಹಾಕಲು ಹೋದರು. ಎಚ್ಚರಿಕೆ ಬಂದರೂ ಒಪ್ಪಿಗೆ ಕೊಟ್ಟರು. ಡೆಸ್ಕ್‌ಟಾಪೇ ಅಳಿಸಿಹೋಯಿತು! ಆಮೇಲೆ ಆಪ್ಟ್ ಮಾಡುವವರು ಮುಖ್ಯ ಪ್ಯಾಕೇಜುಗಳು ಸುಲಭವಾಗಿ ಹೋಗದಂತೆ ಅದನ್ನೇ ತಿದ್ದಿದರು. ನೋಡಿ, ಅವರು ಆಪ್ಟನ್ನು ನಿಲ್ಲಿಸಲಿಲ್ಲ, ಸರಿಮಾಡಿದರು.

ಹಳೇದೇ ಸಾಕು ಅಂತ ಕೆಲವರು ಹೇಳ್ತಾರೆ. ನಮ್ಮ ಕಂಪ್ಯೂಟರಿನಲ್ಲಿ ಇರೋದು ಉಬುಂಟು 20.04. ಅದು 2020ರ ಏಪ್ರಿಲ್‌ನಲ್ಲಿ ಬಂದದ್ದು. ಅದರ ಐದು ವರ್ಷದ ಮಾಮೂಲಿ ಬೆಂಬಲ 2025ರಲ್ಲಿ ಮುಗಿಯಿತು. ಇನ್ನು ತೂತು ಬಿದ್ದರೆ ಮುಚ್ಚೋರು ಯಾರು? ಒಂದೇ ಸಲಕ್ಕೆ 24.04ಕ್ಕೆ ಹಾರೋಕೂ ಆಗಲ್ಲ, ಮೊದಲು 22.04 ಹತ್ತಬೇಕು. ತಡ ಮಾಡಿದಷ್ಟೂ ಮೆಟ್ಟಿಲು ಜಾಸ್ತಿ.

ಅದಕ್ಕೇ ಚೀಟಿಯಲ್ಲಿ ಹೀಗೆ ಬರೆಯೋಣ:

1. ಮೊದಲು ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಬೇಕು.
2. ಒಂದು ಕಂಪ್ಯೂಟರಿನಲ್ಲಿ ಮಾಡಿ ನೋಡಿ, ಆಮೇಲೆ ಉಳಿದವಕ್ಕೆ ಮಾಡಬೇಕು.
3. ‘ತೆಗೆಯಲಾಗುವುದು’ ಎಂಬ ಪಟ್ಟಿಯನ್ನು ಇಬ್ಬರು ಗಟ್ಟಿಯಾಗಿ ಓದಬೇಕು. ಗೊತ್ತಿಲ್ಲದ ಹೆಸರಿದ್ದರೆ ‘ಎನ್’ ಒತ್ತಬೇಕು.
4. ಪರೀಕ್ಷೆ ವಾರದಲ್ಲಿ, ಕರೆಂಟ್ ನಂಬಿಕೆ ಇಲ್ಲದ ದಿನ ಮಾಡಲೇಬಾರದು.

ಬಿದ್ದವರು ಸೈಕಲ್ ಬಿಡಲ್ಲ, ಬ್ರೇಕ್ ಹಿಡಿಯೋದು ಕಲೀತಾರೆ. ಮೇಷ್ಟ್ರು ಒಪ್ಪಿದರೆ ಮೊದಲ ಪಟ್ಟಿ ಓದೋಕೆ ನಾನೇ ನಿಲ್ತೀನಿ. ಹೆಚ್ಚು ಮಾತಾಡಿದ್ದರೆ ಕ್ಷಮಿಸಿ.

– 7ನೇ ತರಗತಿ ವಿದ್ಯಾರ್ಥಿನಿ