ಗುಲಾಬಿ ಬಳಿದರೆ ಮುಗಿಯಿತೆ?

ಹೆಂಗಸರಿಗೆಂದು ಏನು ಮಾಡಿದರೂ ಗುಲಾಬಿ ಬಣ್ಣ ಬಳಿಯಬೇಕೆಂಬ ಚಟ ಸರ್ಕಾರಕ್ಕೂ ಹಿಡಿದಿದೆ, ಕಂಪೆನಿಗಳಿಗೂ ಹಿಡಿದಿದೆ. ಮತಗಟ್ಟೆ ಗುಲಾಬಿ, ಶೌಚಾಲಯ ಗುಲಾಬಿ, ಕೆಲವು ಊರುಗಳಲ್ಲಿ ಆಟೋ ಕೂಡ ಗುಲಾಬಿ. ಯಾಕೆ ಸ್ವಾಮಿ ಅಂದರೆ, ‘ಅದು ಹೆಣ್ಮಕ್ಕಳ ಕಲರ್ ಅಲ್ಲವೇನ್ರೀ’ ಎಂಬ ಉತ್ತರ ರೆಡಿ.

ಹಾಗಂತ ಬರೆದಿಟ್ಟವರು ಯಾರು? 1918ರಲ್ಲಿ ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರಿಗಳ ಪತ್ರಿಕೆಯೊಂದು ಗಂಡು ಮಗುವಿಗೆ ಗುಲಾಬಿ, ಹೆಣ್ಣು ಮಗುವಿಗೆ ನೀಲಿ ಎಂದು ಸಲಹೆ ಕೊಟ್ಟಿತ್ತು. ಗುಲಾಬಿ ಗಟ್ಟಿ ಬಣ್ಣ, ಗಂಡಿಗೆ ಒಪ್ಪುತ್ತದೆ ಎಂಬುದು ಅದರ ವಾದ! 1950ರ ದಶಕದ ಹೊತ್ತಿಗೆ ಅದೇ ವ್ಯಾಪಾರ ಲೆಕ್ಕವನ್ನು ತಿರುಗಾಮುರುಗಾ ಮಾಡಿತು. ಅಂದರೆ ಇದು ದೇವರು ಬರೆದದ್ದಲ್ಲ, ಜವಳಿಯವರು ಬರೆದದ್ದು.

ಬಣ್ಣದಿಂದ ಉಪಯೋಗವೇ ಇಲ್ಲ ಅನ್ನೋ ಹಾಗೂ ಇಲ್ಲ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಲ್ಲಿ ಸಾಧಾರಣ ದರದ ಬಸ್ಸುಗಳಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣ ಶುರುವಾಯಿತು. ಡೀಲಕ್ಸ್ ಹತ್ತಿದರೆ ಕಾಸು ಕೊಡಬೇಕು. ದೂರದಿಂದ ಬರುವ ಬಸ್ಸು ಯಾವುದೆಂದು ತಿಳಿಯದೆ ಗೊಂದಲ. 2022ರ ಆಗಸ್ಟ್‌ನಲ್ಲಿ ಚೆನ್ನೈನಲ್ಲಿ ಪುಕ್ಕಟೆ ಬಸ್ಸುಗಳ ಮುಂದೆ ಹಿಂದೆ ಗುಲಾಬಿ ಬಳಿದರು. ಜನ ನಕ್ಕರು. ನಗಲಿ ಬಿಡಿ. ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು ಇಟ್ಟುಕೊಂಡು ನಿಂತವಳಿಗೆ ಬೋರ್ಡು ಓದುವ ಮೊದಲೇ ‘ಇದು ದುಡ್ಡಿಲ್ಲದ ಬಸ್ಸು’ ಅಂತ ಗೊತ್ತಾಯಿತಲ್ಲ! ಅಲ್ಲಿ ಬಣ್ಣ ಕೂಲಿ ಮಾಡಿದೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಎಕ್ಸ್‌ಪ್ರೆಸ್ಸೂ ಸೇರಿದ್ದರಿಂದ ಈ ತಾಪತ್ರಯ ಅಷ್ಟಿರಲಿಲ್ಲ. ರಾಜಹಂಸ, ಎಸಿ, ಸ್ಲೀಪರ್ ಬಿಟ್ಟರಾಯಿತು.

ಮತಗಟ್ಟೆಯ ಕಥೆ ಬೇರೆ. 2018ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಪಿಂಕ್ ಬೂತುಗಳು ಬಂದವು. ಸಿಬ್ಬಂದಿಯೆಲ್ಲ ಹೆಂಗಸರೇ, ಒಳ್ಳೆಯದು. ಜೊತೆಗೆ ಗುಲಾಬಿ ಬಟ್ಟೆ, ಗುಲಾಬಿ ಬಲೂನು, ಮದುವೆ ಮನೆ ಸೋಲಬೇಕು! ಐದು ವರ್ಷದ ನಂತರ 2023ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಗೆದ್ದ ಮಹಿಳೆಯರು 10 ಮಂದಿ. ಪಕ್ಷಗಳು ಟಿಕೆಟ್ ಹಂಚುವ ಕೋಣೆಗೆ ಯಾವ ಬಣ್ಣ ಬಳಿದಿದ್ದರೋ ಯಾರೂ ಕೇಳಲಿಲ್ಲ.

ಬಸ್‌ಸ್ಟ್ಯಾಂಡಿನ ಹೆಂಗಸರ ಶೌಚಾಲಯಕ್ಕೂ ಇದೇ ಮಾತು. ಗುಲಾಬಿ ಬಾಗಿಲು ಓದು ಬಾರದವಳಿಗೂ ದಾರಿ ತೋರಿಸುತ್ತದೆ, ಸರಿ. ಒಳಗೆ ಚಿಲಕ, ನೀರು, ಲೈಟು ಬೇಡವೆ? ಪೇಂಟು ಒಂದೇ ದಿನದ ಖರ್ಚು, ಮಾರನೇ ದಿನ ಫೋಟೋ. ಗುಡಿಸುವವಳ ಸಂಬಳ ಮಾತ್ರ ತಿಂಗಳು ತಿಂಗಳೂ ಕೊಡಬೇಕು. ಅದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಕಂಪೆನಿಗಳದು ಇನ್ನೂ ಜಾಣತನ. ನ್ಯೂಯಾರ್ಕ್ ನಗರಾಡಳಿತ 2015ರಲ್ಲಿ ಸುಮಾರು 800 ಸಾಮಾನುಗಳ ಬೆಲೆ ಹೋಲಿಸಿ ನೋಡಿತು. ಹೆಂಗಸರಿಗೆಂದು ಮಾರುವ ಮಾಲಿಗೆ ಸರಾಸರಿ ಶೇ. 7 ಹೆಚ್ಚು! ಅದು ಅಲ್ಲಿನ ಲೆಕ್ಕ. ಇಲ್ಲಿನ ಗಿರಾಕಿ ಬೇಕಾದರೆ ನೀಲಿ ರೇಜರ್, ಗುಲಾಬಿ ರೇಜರ್ ಎರಡರ ಬೆನ್ನಿನ ಎಂಆರ್‌ಪಿ ಓದಿ ನೋಡಲಿ. ಬೆಲೆ ಹಾಕುವವನು ಕಂಪೆನಿಯವ, ಬೈಗುಳ ತಿನ್ನುವವನು ಅಂಗಡಿಯವ, ಅದೂ ನಿಜವೇ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು, ‘ಅಕ್ಕಾ, ಬ್ಲೇಡು ಎರಡರಲ್ಲೂ ಒಂದೇ ಥರ, ಇದು ಅಗ್ಗ ನೋಡಿ’ ಅನ್ನುವುದಕ್ಕೆ ಅಂಗಡಿಯವರಿಗೆ ಯಾವ ಕಂಪೆನಿಯ ಅಪ್ಪಣೆಯೂ ಬೇಕಿಲ್ಲ.