ಬಾಗಿದ ಬೆನ್ನಿನ ಲೆಕ್ಕ

ಬೀದರ ಜಿಲ್ಲೆಯ ಹುಮನಾಬಾದ ಸೀಮೆಯಲ್ಲಿ ಕೊಡಂಬಲವೆಂಬ ಊರಿದೆ. ಮುಂಗಾರು ಮಳೆ ಬಿದ್ದು ತೊಗರಿ, ಉದ್ದು, ಹೆಸರು, ಸೋಯಾ ಪೈರುಗಳು ಗೇಣುದ್ದ ಎದ್ದು ನಿಂತ ಕಾಲಕ್ಕೆ ಈ ಸೀಮೆಯ ಯಾವ ಊರಿನ ಹೊಲಕ್ಕೆ ಹೋದರೂ ಒಂದೇ ನೋಟ ಕಣ್ಣಿಗೆ ಬೀಳುತ್ತದೆ. ಹೆಂಗಸರು ಸಾಲುಗಟ್ಟಿ, ಸೊಂಟವನ್ನು ಬಾಗಿಸಿ, ಕೈಯಲ್ಲೊಂದು ಕುರ್ಪಿ ಹಿಡಿದು ಕಳೆ ತೆಗೆಯುತ್ತಿರುತ್ತಾರೆ. ಬದುವಿನ ಮೇಲೆ ನಿಂತು ನೋಡುವವನಿಗೆ ಇದು ಹಗುರವಾದ ಕೆಲಸವೆಂದು ತೋರುವುದು ಸಹಜ. ಕುರ್ಪಿಯ ತೂಕವೆಷ್ಟು? ಕಿತ್ತ ಹುಲ್ಲಿನ ತೂಕವೆಷ್ಟು? ಎರಡನ್ನೂ ಸೇರಿಸಿದರೂ ಮಗುವೊಂದು ಎತ್ತಬಹುದಾದಷ್ಟು ಭಾರವಾಗದು. ಆದರೂ ಸಂಜೆ ಮನೆಗೆ ಮರಳುವಾಗ ಆ ತಾಯಂದಿರು ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲ್ಲನೆ ನೆಟ್ಟಗಾಗುತ್ತಾರೆ. ಹಗುರವಾದ ಕೆಲಸ ಇಷ್ಟೊಂದು ನೋವನ್ನು ಕೊಡುವುದೇಕೆ? ಈ ಪ್ರಶ್ನೆಗೆ ಉತ್ತರವು ವೈದ್ಯಶಾಸ್ತ್ರಕ್ಕಿಂತ ಮೊದಲು ಭೌತಶಾಸ್ತ್ರದಲ್ಲಿ ದೊರೆಯುತ್ತದೆ.

ಮನುಷ್ಯನ ಚಲನೆಯೆಲ್ಲವೂ ಮೂಲತಃ ತಿರುಗುವಿಕೆಯೇ ಆಗಿದೆ. ಬಂಡಿಯು ದಾರಿಯುದ್ದಕ್ಕೂ ನೇರವಾಗಿ ಸಾಗುತ್ತದೆ. ಆದರೆ ಹಾಗೆ ಸಾಗಲು ಅದರ ಗಾಲಿಗಳು ಅಚ್ಚಿನ ಸುತ್ತ ತಿರುಗಲೇಬೇಕು. ಮನುಷ್ಯನು ನೇರವಾಗಿ ನಡೆಯುವಾಗಲೂ ತೊಡೆಯು ಸೊಂಟದ ಕೀಲಿನ ಸುತ್ತ, ಮೊಣಕಾಲ ಕೆಳಗಿನ ಭಾಗವು ಮಂಡಿಯ ಸುತ್ತ, ಪಾದವು ಹರಡಿನ ಸುತ್ತ ತಿರುಗುತ್ತವೆ. ತುತ್ತನ್ನು ಬಾಯಿಗೆ ಒಯ್ಯುವ ಕೈಯೂ ಮೊಣಕೈಯೆಂಬ ಅಚ್ಚಿನ ಸುತ್ತಲೇ ತಿರುಗುತ್ತದೆ. ಮೂಳೆಗಳು ಸನ್ನೆಕೋಲುಗಳು, ಕೀಲುಗಳು ಅವುಗಳ ಆಧಾರಬಿಂದುಗಳು, ಸ್ನಾಯುಗಳು ಎಳೆಯುವ ಹಗ್ಗಗಳು. ಎಳೆಯುವುದಲ್ಲದೆ ತಳ್ಳುವುದು ಸ್ನಾಯುವಿಗೆ ತಿಳಿಯದು.

ವಸ್ತುವನ್ನು ತಿರುಗಿಸುವುದಕ್ಕೆ ಬಲ ಎಷ್ಟು ಎಂಬುದಷ್ಟೇ ಮುಖ್ಯವಲ್ಲ. ಬಲವನ್ನು ಎಲ್ಲಿ ಹಾಕುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಬಾಗಿಲನ್ನು ಅಂಚಿನಲ್ಲಿ ತಳ್ಳಿದರೆ ಬೆರಳೊಂದು ಸಾಕು. ತಿರುಗಣಿಯ ಹತ್ತಿರ ತಳ್ಳಿದರೆ ಇಡೀ ಮೈಯ ಬಲವೂ ಸಾಲದು. ಬೀಸುವ ಕಲ್ಲಿನ ಗೂಟವನ್ನು ಅಂಚಿನಲ್ಲಿ ನೆಟ್ಟ ಹಿರಿಯರಿಗೆ ಈ ತತ್ತ್ವ ಚೆನ್ನಾಗಿ ತಿಳಿದಿತ್ತು. ಬಲವನ್ನೂ, ಅಚ್ಚಿನಿಂದ ಆ ಬಲದ ರೇಖೆಗಿರುವ ಲಂಬ ದೂರವನ್ನೂ ಗುಣಿಸಿದಾಗ ಬರುವ ಗುಣಲಬ್ಧವೇ ತಿರುಗಿಸುವ ಸಾಮರ್ಥ್ಯ. ವಿಜ್ಞಾನಿಗಳು ಇದನ್ನು ಟಾರ್ಕ್ ಎನ್ನುತ್ತಾರೆ. ಸನ್ನೆಯು ಸಮತೋಲದಲ್ಲಿರಬೇಕಾದರೆ ಎರಡು ಕಡೆಯ ಟಾರ್ಕ್‌ಗಳೂ ಸಮನಾಗಿರಬೇಕು.

ಈಗ ಈ ನಿಯಮವನ್ನು ತೋಳಿಗೆ ಅನ್ವಯಿಸಿ ನೋಡಬಹುದು. ಮೊಣಕೈಯನ್ನು ಮಡಿಸಿ, ಅಂಗೈಯಲ್ಲಿ 5 ಕಿಲೋ ತೂಕದ ನೀರಿನ ಬಿಂದಿಗೆಯನ್ನು ಹಿಡಿದಿದ್ದಾರೆಂದು ಭಾವಿಸೋಣ. ಮೊಣಕೈಯಿಂದ ಅಂಗೈಗೆ ಸುಮಾರು 35 ಸೆಂಟಿಮೀಟರ್ ದೂರ. ಆದರೆ ತೋಳನ್ನು ಮೇಲೆಳೆಯುವ ಸ್ನಾಯುವು ಮೊಣಕೈಗೆ ಸುಮಾರು 5 ಸೆಂಟಿಮೀಟರ್ ಸಮೀಪದಲ್ಲಿಯೇ ಮೂಳೆಗೆ ಅಂಟಿಕೊಂಡಿದೆ. ದೂರ ಏಳನೆಯ ಒಂದು ಪಾಲಾದುದರಿಂದ ಬಲವು ಏಳು ಪಟ್ಟಾಗಬೇಕು. 5 ಕಿಲೋ ಬಿಂದಿಗೆಗಾಗಿ ಸ್ನಾಯು 35 ಕಿಲೋ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕು! ಮುಂಗೈಯ ಸ್ವಂತ ಭಾರ ಇದರಲ್ಲಿ ಸೇರಿಲ್ಲ. ಇಷ್ಟಕ್ಕೇ ಮುಗಿಯಲಿಲ್ಲ. ಮೇಲಕ್ಕೆ 35, ಕೆಳಕ್ಕೆ 5. ಉಳಿದ 30 ಕಿಲೋ ತೂಕದಷ್ಟು ಒತ್ತಡವನ್ನು ಮೊಣಕೈಯ ಕೀಲು ಸದ್ದಿಲ್ಲದೆ ಸಹಿಸುತ್ತದೆ. ಕೈಗೆ ಕಾಣುವ ಭಾರ ಒಂದು. ಕೀಲಿಗೆ ಬೀಳುವ ಭಾರ ಇನ್ನೊಂದು.

ಈ ಸತ್ಯವನ್ನು ಮೊದಲು ಕ್ರಮವಾಗಿ ಲೆಕ್ಕ ಹಾಕಿ ತೋರಿಸಿದ ಕೀರ್ತಿ ಇಟಲಿಯ ಜಿಯೋವಾನಿ ಬೊರೆಲ್ಲಿಗೆ ಸಲ್ಲುತ್ತದೆ. 1608ರಲ್ಲಿ ಹುಟ್ಟಿದ ಈ ಗಣಿತಜ್ಞನು ಪ್ರಾಣಿಗಳ ಚಲನೆಯನ್ನು ಕುರಿತು ಬರೆದ ಗ್ರಂಥವು, ಆತನು 1679ರಲ್ಲಿ ತೀರಿಕೊಂಡ ಮೇಲೆ ಪ್ರಕಟವಾಯಿತು. ಪ್ರಕೃತಿಯು ಅಲ್ಪ ಬಲದಿಂದ ದೊಡ್ಡ ಭಾರವನ್ನು ಎತ್ತಿಸುತ್ತದೆಂದು ಅಂದಿನ ವಿದ್ವಾಂಸರು ನಂಬಿದ್ದರು. ಬೊರೆಲ್ಲಿ ಇದಕ್ಕೆ ತದ್ವಿರುದ್ಧವಾದುದನ್ನು ಸಾಧಿಸಿ ತೋರಿಸಿದನು. ಹಾಗಾದರೆ ಪ್ರಕೃತಿಯು ತಪ್ಪು ಮಾಡಿತೇ? ಇಲ್ಲ. ಸ್ನಾಯುವು ಒಂದು ಸೆಂಟಿಮೀಟರ್ ಕುಗ್ಗಿದರೆ ಅಂಗೈ ಏಳು ಸೆಂಟಿಮೀಟರ್ ಚಲಿಸುತ್ತದೆ. ಬಲದಲ್ಲಿ ಕಳೆದುಕೊಂಡುದನ್ನು ದೇಹವು ವೇಗದಲ್ಲಿ ಗಳಿಸಿಕೊಂಡಿದೆ. ಕಲ್ಲೆಸೆಯುವ, ಕೊಡಲಿ ಬೀಸುವ ಚುರುಕು ಮನುಷ್ಯನಿಗೆ ಬಂದುದು ಈ ವ್ಯಾಪಾರದಿಂದಲೇ.

ಆ ಗಳಿಕೆಯ ಸೊಬಗನ್ನು ಆಟದ ಬಯಲಿನಲ್ಲಿ ಕಾಣಬಹುದು. ತಿರುಗುವ ವಸ್ತುವಿನ ತೂಕವು ಅಚ್ಚಿನಿಂದ ದೂರವಿದ್ದಷ್ಟೂ ಅದನ್ನು ತಿರುಗಿಸುವುದು ಕಷ್ಟ; ಹತ್ತಿರವಿದ್ದಷ್ಟೂ ಸುಲಭ. ಗರಡಿಯಲ್ಲಿ ಪೈಲ್ವಾನನು ಎದುರಾಳಿಯನ್ನು ಮೊದಲು ತನ್ನ ಬೆನ್ನಿಗೆ ಒತ್ತಿ ಹಿಡಿದು, ಆಮೇಲೆ ಹೆಗಲ ಮೇಲಿಂದ ತಿರುಗಿಸಿ ಕೆಡಹುತ್ತಾನೆ. ಅಗಸನು ಬಟ್ಟೆಯನ್ನು ಎತ್ತಿ ಬಡಿಯುವಂತೆ ಕಾಣುವುದರಿಂದ ಈ ಪಟ್ಟಿಗೆ ಧೋಬಿ ಪಛಾಡ್ ಎಂದೇ ಹೆಸರು. ಎದುರಾಳಿಯ ಭಾರ ದೂರವಿದ್ದಾಗ ಈ ಪಟ್ಟನ್ನು ಹಾಕಹೋದವನು ತಾನೇ ಮಣ್ಣು ಮುಕ್ಕುತ್ತಾನೆ. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರ ಬಲತೋಳು ಬಾಲ್ಯದಲ್ಲಿ ಪೋಲಿಯೋ ರೋಗದಿಂದ ಸೊರಗಿತು. ಅದೇ ತೆಳುತೋಳು ಮುಂದೆ ಚಾಟಿಯಂತೆ ಬೀಸಿ ಚೆಂಡನ್ನು ಎಸೆಯಿತು. 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅವರು 38 ಓಟಗಳಿಗೆ 6 ವಿಕೆಟ್ ಪಡೆದು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಜಯವನ್ನು ತಂದಿತ್ತರು. ಹಗುರವಾದ ತೋಳನ್ನು ವೇಗವಾಗಿ ತಿರುಗಿಸುವುದು ಸುಲಭವೆಂಬ ನಿಯಮವನ್ನು ಅವರ ಬೌಲಿಂಗಿಗೆ ಅನ್ವಯಿಸಿ ವಿವರಿಸುವುದುಂಟು. ನಿಯಮವು ಏನೇ ಇರಲಿ, ಕುಂದನ್ನು ಬಲವಾಗಿಸಿಕೊಂಡುದು ಅವರ ಸಾಧನೆ.

ಆಟಗಾರನ ದೇಹಕ್ಕೆ ದೊರೆಯುವ ಈ ಗಮನ ದುಡಿಯುವವರ ದೇಹಕ್ಕೆ ದೊರೆಯುತ್ತಿಲ್ಲವೆಂಬುದೇ ವಿಷಾದದ ಸಂಗತಿ. ಮತ್ತೆ ಕೊಡಂಬಲದ ಸೀಮೆಯ ಹೊಲಕ್ಕೆ ಬರೋಣ. ಕಳೆ ಕೀಳುವ ಹೆಂಗಸೊಬ್ಬಳ ತೂಕ 50 ಕಿಲೋ ಎಂದಿಟ್ಟುಕೊಂಡರೆ ಸೊಂಟದ ಮೇಲಿನ ಭಾಗದ ತೂಕ, ತಲೆ ತೋಳುಗಳೂ ಸೇರಿ, ಸುಮಾರು 30 ಕಿಲೋ. ಆಕೆ ನೆಲಕ್ಕೆ ಸಮಾನಾಂತರವಾಗಿ ಬಾಗಿದಾಗ ಆ ಭಾರವು ಬೆನ್ನೆಲುಬಿನ ಬುಡದಿಂದ ಸುಮಾರು 30 ಸೆಂಟಿಮೀಟರ್ ಮುಂದಕ್ಕೆ ಇರುತ್ತದೆ. ಆಕೆಯನ್ನು ಮುಗ್ಗರಿಸದಂತೆ ಹಿಂದಿನಿಂದ ಹಿಡಿದಿರುವ ಸ್ನಾಯು ಮತ್ತು ರಜ್ಜುಗಳಾದರೋ ಬೆನ್ನೆಲುಬಿಗೆ ಕೇವಲ 5 ಸೆಂಟಿಮೀಟರ್ ದೂರದಲ್ಲಿವೆ. 30ನ್ನು 30ರಿಂದ ಗುಣಿಸಿ 5ರಿಂದ ಭಾಗಿಸಿದರೆ 180. ಕೈಯಲ್ಲಿ ಏನೂ ಇಲ್ಲದಿದ್ದರೂ ಆಕೆಯ ಬೆನ್ನೆಲುಬಿನ ಬುಡದಲ್ಲಿರುವ ಮೆತ್ತನೆಯ ಬಿಲ್ಲೆಗಳು ಸುಮಾರು ಎರಡು ಕ್ವಿಂಟಲಿನ ಹೊರೆಯನ್ನು ಹೊತ್ತಿರುತ್ತವೆ! ಕುರ್ಪಿ ಹಗುರ, ಹುಲ್ಲು ಹಗುರ. ಆದರೆ ಬಾಗಿದ ಮೈಯೇ ಮೈಗೆ ಭಾರವಾಗಿದೆ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಬೆನ್ನಿನ ಬಿಲ್ಲೆಯೊಳಕ್ಕೆ ಸೂಜಿಯನ್ನು ಇಳಿಸಿ ಒತ್ತಡವನ್ನು ಅಳೆದನು. ನೆಟ್ಟಗೆ ನಿಂತವನಿಗಿಂತ ಮುಂದಕ್ಕೆ ಬಾಗಿದವನ ಬಿಲ್ಲೆಯಲ್ಲಿ ಒತ್ತಡ ಬಹಳ ಹೆಚ್ಚೆಂದು ಅದರಿಂದ ತಿಳಿದುಬಂದಿತು. ಬರ್ಲಿನ್ನಿನ ಸಂಶೋಧಕರು ಕೃತಕ ಸೊಂಟದ ಕೀಲಿನೊಳಗೆ ಅಳತೆಯ ಉಪಕರಣವನ್ನಿಟ್ಟು ನೋಡಿದಾಗ, ಸಾಧಾರಣ ನಡಿಗೆಯಲ್ಲಿಯೂ ಆ ಕೀಲಿನ ಮೇಲೆ ದೇಹದ ತೂಕದ ಎರಡು ಪಟ್ಟಿಗಿಂತ ಹೆಚ್ಚು ಬಲ ಬೀಳುವುದು ಕಂಡಿತು. ಒಂದೇ ಕಾಲಿನ ಮೇಲೆ ನಿಂತ ಕ್ಷಣದಲ್ಲಿ, ದೇಹವು ಇನ್ನೊಂದು ಕಡೆಗೆ ವಾಲದಂತೆ ಸೊಂಟದ ಪಕ್ಕದ ಸ್ನಾಯುಗಳು ಗಿಡ್ಡ ಸನ್ನೆಯಿಂದ ಎಳೆಯಬೇಕಾಗುವುದೇ ಇದಕ್ಕೆ ಕಾರಣ.

ಈ ಲೆಕ್ಕವನ್ನು ಅರಿತವನಿಗೆ ಉಪಾಯವೂ ಹೊಳೆಯುತ್ತದೆ. ಬಲಗಡೆಯ ಸೊಂಟ ನೋಯುವ ಮುದುಕನು ಊರುಗೋಲನ್ನು ಎಡಗೈಯಲ್ಲಿ ಹಿಡಿಯಬೇಕು. ನೋಯುವ ಕೀಲಿನಿಂದ ಕೋಲು ದೂರವಿದ್ದಷ್ಟೂ, ಅದರ ಮೇಲೆ ಊರಿದ ಅಲ್ಪ ಬಲವೇ ಹೆಚ್ಚಿನ ಟಾರ್ಕನ್ನು ಉಂಟುಮಾಡಿ ಸ್ನಾಯುವಿನ ಕೆಲಸವನ್ನು ತಗ್ಗಿಸುತ್ತದೆ. ಬುಟ್ಟಿಯನ್ನು ಎತ್ತುವಾಗ ಮಂಡಿ ಮಡಿಸಿ, ಅದನ್ನು ಎದೆಗೆ ಅವಚಿಕೊಂಡು ಏಳಬೇಕು. ಬೆನ್ನಿನಿಂದ 40 ಸೆಂಟಿಮೀಟರ್ ದೂರದಲ್ಲಿ ತೂಗಾಡುವ ಬುಟ್ಟಿ ಬೆನ್ನಿಗೆ ಎಷ್ಟು ಭಾರವೋ, 20 ಸೆಂಟಿಮೀಟರ್ ದೂರದಲ್ಲಿದ್ದಾಗ ಅದರ ಅರ್ಧ ಮಾತ್ರ. ತಲೆಯ ಮೇಲೆ ಕೊಡವಿಟ್ಟು ನಡೆಯುವ ಹೆಂಗಸರು ಭಾರದ ರೇಖೆಯನ್ನು ಬೆನ್ನೆಲುಬಿನ ನೇರಕ್ಕೆ ತಂದಿರುತ್ತಾರೆ. ಅದು ಜಾಣತನವೇ ಸರಿ; ಆದರೆ ಕೊರಳಿನ ಮೇಲೆ ಬೀಳುವ ಹೊರೆ ಅದರಿಂದ ತಪ್ಪುವುದಿಲ್ಲ. ಕುಕ್ಕರುಗಾಲಿನಲ್ಲಿ ಕುಳಿತು ಕಳೆ ತೆಗೆದರೆ ಬೆನ್ನಿನ ಹೊರೆ ಮಂಡಿಗೆ ವರ್ಗವಾಗುತ್ತದೆ. ಆದುದರಿಂದ ಭಂಗಿಯನ್ನು ತಿದ್ದಿದರಷ್ಟೇ ಸಾಲದು, ಉಪಕರಣವನ್ನೂ ತಿದ್ದಬೇಕು. ಉದ್ದ ಹಿಡಿಯ ಗುದ್ದಲಿ, ನಿಂತು ತಳ್ಳುವ ಸೈಕಲ್ ಎಡೆಕುಂಟೆ ಇವು ದೊಡ್ಡ ಯಂತ್ರಗಳಲ್ಲ. ಊರಿನ ಬಡಿಗನೂ ಕಮ್ಮಾರನೂ ಕೂಡಿದರೆ ಆಗುವ ಕೆಲಸ.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಹಿರಿಯರೆಲ್ಲ ಹೀಗೆಯೇ ದುಡಿದರು, ಅವರಿಗೇನಾಯಿತು ಎಂದು ಕೇಳುವವರುಂಟು. ಅವರಿಗೆ ಆದುದು ಎಲ್ಲರಿಗೂ ಕಾಣುವಂತೆಯೇ ಇದೆ. ಬಾಗಿದ ಬೆನ್ನಿಗೆ ಮುಪ್ಪು ಎಂದು ಹೆಸರಿಟ್ಟು ಸುಮ್ಮನಾದುದರಿಂದ ಅದರಲ್ಲಿ ದುಡಿಮೆಯ ಪಾಲೆಷ್ಟೆಂದು ಯಾರೂ ವಿಚಾರಿಸಲಿಲ್ಲ. ಉದ್ದ ಹಿಡಿಯಿಂದ ಕಳೆ ತೆಗೆದರೆ ಪೈರಿಗೆ ಪೆಟ್ಟಾಗುತ್ತದೆ ಎಂಬುದು ಇನ್ನೊಂದು ಮಾತು. ಗಿಡದ ಬುಡದ ಕಳೆಗೆ ಕೈಯೇ ಬೇಕೆಂಬುದು ನಿಜ. ಆದರೆ ಸಾಲುಗಳ ನಡುವಿನ ಕಳೆಗೂ ದಿನವಿಡೀ ಬಾಗಬೇಕೆಂಬ ನಿಯಮವೇನಿದೆ? ಅಮೆರಿಕದ ಕ್ಯಾಲಿಫೋರ್ನಿಯಾದ ತರಕಾರಿ ತೋಟಗಳಲ್ಲಿ ಕೂಲಿಕಾರರಿಗೆ ಗಿಡ್ಡ ಹಿಡಿಯ ಗುದ್ದಲಿಯನ್ನೇ ಕೊಡುತ್ತಿದ್ದರು. ಉದ್ದ ಹಿಡಿಯಿಂದ ಬೆಳೆ ಹಾಳಾಗುವುದೆಂದು ಒಡೆಯರು ವಾದಿಸಿದರು. ಗಿಡ್ಡ ಗುದ್ದಲಿಯಿಂದ ಬೆನ್ನಿಗೆ ಶಾಶ್ವತವಾದ ಹಾನಿಯಾಗುವುದೆಂದು ವೈದ್ಯರು ಸಾಕ್ಷಿ ನುಡಿದರು. ಕೂಲಿಕಾರರು ನ್ಯಾಯಾಲಯದವರೆಗೆ ಹೋದ ಮೇಲೆ, 1975ರಲ್ಲಿ ಆ ಉಪಕರಣಕ್ಕೆ ನಿಷೇಧ ಬಂದಿತು. ಆಮೇಲೂ ಅಲ್ಲಿ ತರಕಾರಿ ಬೆಳೆಯುವುದು ನಿಲ್ಲಲಿಲ್ಲ. ನಿಂತುದು ಬೆನ್ನು ಮುರಿಯುವ ಪದ್ಧತಿಯೊಂದೇ.

ಮೂಟೆ ಹೊರುವ ಹಮಾಲರ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ವಯಸ್ಕ ಗಂಡಾಳು ಕೈಯಿಂದ ಸಾಗಿಸುವ ಹೊರೆ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಶಿಫಾರಸು ಮಾಡಿತು. ಭಾರತದ 1948ರ ಕಾರ್ಖಾನೆ ಕಾಯಿದೆಯೂ ಗಾಯವಾಗುವಷ್ಟು ಭಾರವನ್ನು ಕಾರ್ಮಿಕನಿಂದ ಎತ್ತಿಸಬಾರದೆಂದು ವಿಧಿಸಿತ್ತು. ಆದರೆ ಹೊಲಕ್ಕೆ ಗೋಡೆಯಿಲ್ಲ, ಹಾಜರಿ ಪುಸ್ತಕವಿಲ್ಲ. ಅಲ್ಲಿ ದುಡಿಯುವವಳ ಬೆನ್ನನ್ನು ಕಾಯಿದೆಗಿಂತ ಮೊದಲು ತಿಳಿವಳಿಕೆಯೇ ಕಾಯಬೇಕು.

ಕೊಡಂಬಲದಿಂದ ಬಸವಕಲ್ಯಾಣ ದೂರವೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ದೋಣಿಗೆ ಹುಟ್ಟು ಹಾಕುವ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಸೌದೆಯ ಹೊರೆ ಹೊರುವ ಮಾರಯ್ಯ ಮೊದಲಾದ ಶರಣರು ದೇಹದ ದುಡಿಮೆಗೆ ಕಾಯಕವೆಂಬ ಗೌರವವನ್ನು ತಂದರು. ಕೆಲಸದಲ್ಲಿ ಮೇಲುಕೀಳಿಲ್ಲವೆಂಬುದು ಆ ನೆಲದ ಪಾಠ. ಆದರೆ ಕಾಯಕವನ್ನು ಹೊಗಳಿ, ಕಾಯಕ ಮಾಡುವ ಕಾಯವನ್ನು ಮರೆತರೆ ಆ ಗೌರವ ಅರ್ಧಕ್ಕೇ ನಿಂತಂತಾಗುತ್ತದೆ. ದುಡಿಯುವವರ ಕೀಲುಗಳನ್ನು ಉಳಿಸುವುದೂ ಕಾಯಕಕ್ಕೆ ಸಲ್ಲಿಸುವ ಗೌರವವೇ.

ಇಲ್ಲಿ ಶಾಲೆಯ ಹೊಣೆ ದೊಡ್ಡದು. ಸನ್ನೆಯ ಪಾಠವನ್ನು ತಕ್ಕಡಿಯ ಚಿತ್ರದಿಂದ ಆರಂಭಿಸಿ, ಪರೀಕ್ಷೆಯ ಉತ್ತರದಲ್ಲಿ ಮುಗಿಸುವುದು ಸಾಮಾನ್ಯ. ಅದೇ ಪಾಠವನ್ನು ವಿದ್ಯಾರ್ಥಿಯು ತನ್ನ ಮೊಣಕೈಯಿಂದ ಆರಂಭಿಸಿ ತಾಯಿಯ ಬೆನ್ನಿನವರೆಗೆ ಒಯ್ಯಬಲ್ಲನು. ಅದಕ್ಕೆ ಪ್ರಯೋಗಶಾಲೆ ಬೇಡ. ಅಳತೆಪಟ್ಟಿಯೊಂದು, ಗುಣಾಕಾರ ಭಾಗಾಕಾರಗಳ ಅರಿವು, ಕಂಡುದನ್ನು ಪ್ರಶ್ನಿಸುವ ಮನಸ್ಸು ಇಷ್ಟಿದ್ದರೆ ಸಾಕು. ಮನೆಯಲ್ಲಿರುವ ಗುದ್ದಲಿಯ ಹಿಡಿ ಎಷ್ಟು ಉದ್ದವಿದೆ, ಅದನ್ನು ಹಿಡಿಯುವವರು ಎಷ್ಟು ಬಾಗುತ್ತಾರೆ, ಹಿಡಿಯನ್ನು ಎರಡು ಗೇಣು ಬೆಳೆಸಿದರೆ ಬೆನ್ನಿನ ಹೊರೆ ಎಷ್ಟು ಇಳಿಯುತ್ತದೆ ಎಂದು ಅಳೆದು ನೋಡುವ ಬಾಲಕನೂ ಬಾಲಕಿಯೂ ಭೌತಶಾಸ್ತ್ರವನ್ನು ನಿಜವಾಗಿ ಕಲಿತವರು. ಲೋಕದ ಭಾರವನ್ನೆಲ್ಲ ಇಳಿಸುವುದು ಯಾವ ವಿದ್ಯೆಗೂ ಸಾಧ್ಯವಿಲ್ಲ. ಒಬ್ಬರ ಬೆನ್ನಿನ ಮೇಲಿನ ಭಾರವನ್ನು ಸ್ವಲ್ಪ ಇಳಿಸಿದರೂ ಕಲಿತ ವಿದ್ಯೆ ಸಾರ್ಥಕವಾಯಿತೆಂದೇ ತಿಳಿಯಬೇಕು.